ಹಡಗಿನ ಊರು ಬದಲಾಯಿಸಿದ ನಮ್ಮ ಸೋದರಮಾವ

ನಮ್ಮ ಸೋದರಮಾವ ಒಂದು ದೊಡ್ಡ ಹಡಗಿನ ದೇಶವನ್ನೇ ಬದಲಾಯಿಸಿದ ಮನುಷ್ಯ. ನಗಬೇಡಿ! ಯುದ್ಧ ಮಾಡಿ ಅಲ್ಲ, ಅರ್ಧ ಡಬ್ಬಿ ಬಿಳಿ ಬಣ್ಣ ಮತ್ತು ಒಂದು ಬ್ರಷ್ಷಿನಿಂದ.

ದೊಡ್ಡಬಳ್ಳಾಪುರದಲ್ಲಿ ಲಾರಿಗಳ ಹಿಂದೆ, ಸೀರೆ ಅಂಗಡಿಗಳ ಮುಂದೆ ಹೆಸರು ಬರೆದುಕೊಂಡಿದ್ದ ಇವರು, ಯಾರ್ಯಾರದೋ ಕೈಕಾಲು ಹಿಡಿದು ಶ್ರೀಮಂತರು ಮೋಜಿಗೆ ಸುತ್ತುವ ಕ್ರೂಸ್ ಹಡಗಿಗೆ ಪೇಂಟರ್ ಆಗಿ ಸೇರಿದ್ದರು. ಮಗ್ಗದ ಮನೆಯಲ್ಲಿ ಹುಟ್ಟಿ ನಮ್ಮೂರ ನಾಗರಕೆರೆಗಿಂತ ದೊಡ್ಡ ನೀರು ಕಾಣದವರು! ಹಡಗಿನ ಹಿಂಭಾಗದಲ್ಲಿ ಅದು ನೋಂದಣಿಯಾದ ಊರಿನ ಹೆಸರು ಬರೆದಿರುತ್ತದಂತೆ. ಒಂದು ದಿನ ಮಾವನನ್ನು ಹಗ್ಗಕ್ಕೆ ಕಟ್ಟಿ ಅಲ್ಲಿಗೆ ಇಳಿಬಿಟ್ಟು, ಹಳೇ ಊರು ಅಳಿಸು, ಹೊಸ ಊರು ಬರಿ ಎಂದರಂತೆ. ಬರೆದರು. ಒಳಗೆ ಊಟ ಮಾಡುತ್ತಿದ್ದ ಅಷ್ಟೂ ಜನರ ಕಾಲಕೆಳಗಿನ ದೇಶ ಬದಲಾಯಿತು! ಆ ಹೊಸ ಊರನ್ನು ಹಡಗೂ ನೋಡಿರಲಿಲ್ಲ, ಮಾವನೂ ನೋಡಿರಲಿಲ್ಲ. ಕಾಗದಪತ್ರ ಮಾಡಿದವರು ಬೇರೆ ಯಾರೋ ಇದ್ದಿರಬೇಕು, ಆದರೆ ಮಾವ ಅವರನ್ನೆಲ್ಲ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ಕಥೆ ನನಗೆ ಬಾಯಿಪಾಠವಾದದ್ದು ಹೋದ ವರ್ಷ. ಹೊಸಕೋಟೆಯ ಗಂಡನ ಮನೆ ಬಿಟ್ಟು, ಅಮ್ಮನೂ, ಎಂದೋ ಹಡಗು ಬಿಟ್ಟು ಬಂದಿದ್ದ ಮಾವನೂ ಇರುವ ಮನೆಗೆ ವಾಪಸ್ಸು ಬಂದಿದ್ದೆ. ಮತ್ತೆ ಹೋಗುವ ಮಾತಿರಲಿಲ್ಲ. ಅದನ್ನು ತೀರ್ಮಾನಿಸಿಯೇ ಬಂದಿದ್ದೆ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸವೂ ಸಿಕ್ಕಿತು, ನಾಲಿಗೆಯಂತೂ ಹುಟ್ಟಿನಿಂದಲೇ ಜೋರಾಗಿತ್ತು. ಆದರೆ ಎದುರು ಮನೆಯ ಹೆಂಗಸು ದಿನಾ ಕೇಳುವ ಒಂದು ಪ್ರಶ್ನೆಗೆ ಮಾತ್ರ ಆ ನಾಲಿಗೆ ಹೊರಳುತ್ತಿರಲಿಲ್ಲ. "ಯಾವಾಗಮ್ಮಾ ನಿಮ್ಮನೆಗೆ ಹೋಗೋದು?"

ನಿಮ್ಮ ಮನೆಯಂತೆ! ಹಾಗಾದರೆ ನಾನು ಹುಟ್ಟಿ ಬೆಳೆದ ಇದು ಯಾರ ಮನೆ? ನಾನಿಲ್ಲಿ ಅತಿಥಿಯೋ, ಮನೆಯವಳೋ?

ಮಾವನಿಗೆ ಇಂಥ ಚಿಂತೆಗಳಿಲ್ಲ. ಅವರಿಗೆ ಊರು ಎಂದರೆ ಬಣ್ಣ, ಅಷ್ಟೇ. ದೇವನಹಳ್ಳಿಗೆ ಚಕ್ಕೋತ ಕೊಳ್ಳಲು ಹೊರಟರೆ ಸ್ಕೂಟರಿನ ಹಿಂದಿರುವ 'ದೊಡ್ಡಬಳ್ಳಾಪುರ' ಅಳಿಸಿ 'ದೇವನಹಳ್ಳಿ' ಎಂದು ಬರೆದುಕೊಳ್ಳುತ್ತಾರೆ. ಊರಿನವರಾದರೆ ಒಳ್ಳೆಯ ಹಣ್ಣು ಆರಿಸಿ ಕೊಡುತ್ತಾರಂತೆ! ಒಂದು ಸಲ ಹಿಂದೆ ಕುಳಿತು ನಾನೂ ಹೋಗಿದ್ದೆ. "ನಾನೂ ಇದೇ ಊರೋನು ಕಣಪ್ಪಾ, ಸಿಹಿ ಇರೋದು ನೋಡಿ ಕೊಡು" ಎಂದರು ಗತ್ತಿನಿಂದ. ಹಣ್ಣಿನವನು ಚೀಲವನ್ನು ಸ್ಕೂಟರಿಗೆ ಕಟ್ಟಿ, ತನ್ನ ಅಂಗೈ ತಿರುಗಿಸಿ ತೋರಿಸಿದ. "ನಿಮ್ಮೂರು ಇನ್ನೂ ಹಸಿಯಾಗೈತೆ ಯಜಮಾನ್ರೇ, ಕೈಗೆ ಅಂಟ್ತು!"

ನಾಚಿಕೆ? ಅದೆಲ್ಲ ನಮ್ಮ ಮಾವನ ಹತ್ತಿರ ಸುಳಿಯುವುದಿಲ್ಲ. ಶಿಫ್ಟ್ ಬಿಡುವ ಹೊತ್ತಿಗೆ ನನ್ನನ್ನು ಕರೆದೊಯ್ಯಲು ಬಂದು, ಫ್ಯಾಕ್ಟರಿ ಗೇಟಿನ ಟೀ ಅಂಗಡಿಯಲ್ಲಿ ಸಭೆ ಸೇರಿಸಿರುತ್ತಾರೆ. ಒಂದು ಸಂಜೆ ನಮ್ಮ ಫ್ಯಾಕ್ಟರಿಯವನೊಬ್ಬ ಕೇಳಿದ, "ಅಲ್ಲಣ್ಣ, ಹಡಗು ಯಾಕೆ ದೇಶ ಬದಲಾಯಿಸ್ತದೆ?"

"ತೆರಿಗೆ ಕಮ್ಮಿ ಅಂತ ಬದಲಾಯಿಸ್ತಾರೆ. ಕೆಲಸದವ್ರ ಕಾನೂನು ಸಡಿಲ ಅಂತ ಬದಲಾಯಿಸ್ತಾರೆ. ನಮ್ಮ ಹಡಗು ಬದಲಾಯ್ಸಿದ್ದು ಮಾತ್ರ ಮದುವೆಗೆ ಗುರು!"

"ಹಡಗಿಗೆ ಮದುವೇನಾ?"

"ಥೂ ನಿನ್ನ! ಪ್ರಯಾಣಿಕರಿಗೆ ಕಣೋ. ಸಮುದ್ರದ ಮಧ್ಯೆ ಕ್ಯಾಪ್ಟನ್ ಕೈಲಿ ಮದುವೆ ಮಾಡಿಸ್ಕೋಬೇಕು ಅಂತ ಆಸೆ ಅವ್ರಿಗೆ. ಹಳೇ ದೇಶದ ಕಾನೂನು ಅದಕ್ಕೆ ಒಪ್ತಿರ್ಲಿಲ್ಲ, ಹೊಸ ದೇಶದ್ದು ಒಪ್ತು. ನಾವು ಛತ್ರ ಸಿಗ್ಲಿಲ್ಲ ಅಂದ್ರೆ ಮುಹೂರ್ತ ಬದಲಾಯಿಸ್ತೀವಿ, ಅವ್ರು ದೇಶಾನೇ ಬದಲಾಯಿಸ್ಬಿಟ್ರು!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಬಾಯಿ ಸುಮ್ಮನಿರಲಿಲ್ಲ. "ಅದ್ರಲ್ಲೇನ್ ಮಾವ ವಿಶೇಷ? ಮದುವೆಗೆ ಅಂತ ಊರು ಬದಲಾಯಿಸ್ಕೊಂಡೋಳು ನಾನೂ ಅಲ್ವಾ? ವಾಪಸ್ ಬರ್ಕೊಡೋ ಪೇಂಟರ್ ಮಾತ್ರ ಸಿಗ್ಲಿಲ್ಲ."

ಮಾವ ಟೀ ಲೋಟ ಕೆಳಗಿಟ್ಟರು. ಸಭೆ ಅಲ್ಲಿಗೇ ಬಿಟ್ಟು ಸ್ಕೂಟರ್ ಹತ್ತಿದರು! ಅವರು ಹಡಗಿನ ಕಥೆಯನ್ನು ಅರ್ಧಕ್ಕೆ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಅಮ್ಮ ಕೂಗಿಕೊಂಡದ್ದು ಕೇಳಿ ಹೊರಗೆ ಓಡಿದೆ. ನೋಡಿದರೆ, ಮಾವ ತಾರಸಿಯ ಕಂಬಕ್ಕೆ ಹಗ್ಗ ಕಟ್ಟಿ, ಅದನ್ನು ಸೊಂಟಕ್ಕೆ ಬಿಗಿದುಕೊಂಡು ಬಾಗಿಲ ಪಕ್ಕದ ಗೋಡೆಯ ಮುಂದೆ ನೇತಾಡುತ್ತಿದ್ದಾರೆ. ಕಾಲಿಗೂ ನೆಲಕ್ಕೂ ಒಂದು ಗೇಣು ಅಂತರ!

"ನೆಲದ ಮೇಲೆ ನಿಂತ್ಕೊಂಡು ಬರೀಬಾರ್ದೇನೋ?" ಎಂದಳು ಅಮ್ಮ.

"ನೋಂದಣಿ ಕೆಲಸ ಹಗ್ಗದ ಮೇಲೇ ಆಗ್ಬೇಕು ಅಕ್ಕ. ಅದು ಪದ್ಧತಿ!"

ಆ ಗೋಡೆಯ ಮೇಲೆ ಮನೆಯವರ ಹೆಸರುಗಳಿವೆ, ಎಲ್ಲ ಮಾವನ ಕೈಬರಹವೇ. ಮೇಲೆ ಅಮ್ಮನದು, ಕೆಳಗೆ ಅವರದು. ನಡುವೆ ಖಾಲಿ ಬಿದ್ದಿದ್ದ ಸುಣ್ಣದ ಜಾಗವನ್ನು ಮಾವ ಮೆಲ್ಲಗೆ ಕೆರೆಯುತ್ತಿದ್ದರು. ಕೆರೆದಂತೆ ಹಳೆಯ ನೀಲಿ ಅಕ್ಷರಗಳು ಒಂದೊಂದಾಗಿ ಹೊರಬಂದವು. ನನ್ನ ಹೆಸರು! ನಾನು ಶಾಲೆಗೆ ಸೇರಿದಾಗ ಹಟ ಹಿಡಿದು ಬರೆಸಿಕೊಂಡದ್ದು.

"ನಿನ್ನ ಮದುವೆ ಆದ್ಮೇಲೆ ನಾನೇ ಅಳಿಸೋಕೆ ಹೋಗಿದ್ದು ಕಣಮ್ಮ" ಎಂದರು ನನ್ನ ಕಡೆ ತಿರುಗದೆ. "ಹಡಗಿಂದು ಉಜ್ಜಿ ಉಜ್ಜಿ ಅಳಿಸಿದೋನು ನಾನು. ಇದನ್ನ ಉಜ್ಜೋಕೆ ಕೈ ಬರ್ಲಿಲ್ಲ. ಮೇಲೆ ಸುಣ್ಣ ಬಳ್ದು ಸುಮ್ನಾಗ್ಬಿಟ್ಟೆ."

ಆ ಅಕ್ಷರಗಳ ಮೇಲೇ ಹೊಸ ನೀಲಿ ತುಂಬಿಸಿದರು. ಅಷ್ಟರಲ್ಲಿ ಎದುರು ಮನೆಯ ಹೆಂಗಸು ಹಾಲು ಹಿಡಿದುಕೊಂಡು ಬಂದು ನಿಂತಳು. ಅದೇ ಪ್ರಶ್ನೆ ಬಾಯಿತನಕ ಬಂದದ್ದು ನನಗೆ ಕಂಡಿತು. ಮಾವ ಹಗ್ಗದಲ್ಲೇ ಗಿರಕಿ ಹೊಡೆದು ಅವಳ ಕಡೆ ಮುಖ ಮಾಡಿದರು. "ಏನಮ್ಮಾ, ಓದೋಕೆ ಬರ್ತದಲ್ವಾ?"

ಓದಿದಳು. ಹಾಲಿನ ಸಮೇತ ತನ್ನ ಮನೆಗೆ ಹೊರಟುಹೋದಳು. ನಾನು ನಗಲು ಹೋಗಿ ಅತ್ತುಬಿಟ್ಟೆ. ಗೋಡೆಯ ಮೇಲೆ ಕೈಯಿಟ್ಟೆ. ಬಣ್ಣ ಇನ್ನೂ ಹಸಿಯಾಗಿತ್ತು, ಅಂಗೈಗೆ ಅಂಟಿತು. ತೊಳೆಯದೆ ಹಾಗೆಯೇ ಶಿಫ್ಟಿಗೆ ಹೋದೆ.