ತಾರಸಿಯ ಬೀಗದಕೈ ಮತ್ತು ಹದಿನೈದು ನಿಮಿಷದ ಬಿಸಿಲು

ಇಂದ,
ಗುಮಾಸ್ತೆ, ದಾಖಲೆ ಕೊಠಡಿ,
ನೆಲಮಾಳಿಗೆ, ಕಿಟಕಿ ಇಲ್ಲದ ಕಡೆ.

ಗೆ,
ಕಚೇರಿಯ ಮುಖ್ಯಸ್ಥರು,
ಮೂರನೇ ಮಹಡಿ, ಕಿಟಕಿ ಇರುವ ಕಡೆ.

ವಿಷಯ: ವಾರಕ್ಕೆ ಮೂರು ದಿನ, ದಿನಕ್ಕೆ ಹದಿನೈದು ನಿಮಿಷ, ನನ್ನ ಎರಡು ಕೈಗಳಿಗೆ ಮಾತ್ರ ಬಿಸಿಲು ಮಂಜೂರು ಮಾಡುವ ಬಗ್ಗೆ.

ಉಲ್ಲೇಖ: (೧) ಕಳೆದ ಸೋಮವಾರ ತಾವು ಕೊಟ್ಟ ಮೆಮೊ. (೨) ಮೂಳೆ ಡಾಕ್ಟರ ಚೀಟಿ. (೩) ಅದಕ್ಕೆ ತದ್ವಿರುದ್ಧವಾದ ಚರ್ಮದ ಡಾಕ್ಟರ ಚೀಟಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು "ಕಚೇರಿ ವೇಳೆಯಲ್ಲಿ ಮುಖ ಮರೆಸಿಕೊಂಡು, ತಾರಸಿಯ ಮೇಲೆ ಎರಡೂ ಕೈ ಚಾಚಿ, ಅನುಮಾನಾಸ್ಪದವಾಗಿ ನಿಂತಿದ್ದೇಕೆ" ಎಂದು ಮೆಮೊದಲ್ಲಿ ಕಾರಣ ಕೇಳಲಾಗಿದೆ. ನಿಂತಿದ್ದು ನಿಜ. ಚಾಚಿದ್ದೂ ನಿಜ. ಅನುಮಾನ ಮಾತ್ರ ಕಾವಲುಗಾರರ ಸ್ವಂತದ್ದು. ಅವರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, "ಬೇಡಮ್ಮಾ, ಬೇಡ! ಮನೇಲಿ ಏನೇ ಇರ್ಲಿ, ಕೂತು ಮಾತಾಡೋಣ!" ಎಂದು ಕೂಗಿಕೊಂಡರು. "ಅಯ್ಯೋ, ಹಾರೋಕೆ ಬಂದಿಲ್ಲಪ್ಪಾ, ಬಿಸಿಲಿಗೆ ಬಂದಿದೀನಿ" ಎಂದೆ. ಅವರು ನಂಬಲಿಲ್ಲ. ಆದ್ದರಿಂದ ತಾರಸಿಗೆ ಬೀಗ ಬಿತ್ತು, ಬೀಗದಕೈ ತಮ್ಮ ಡ್ರಾಯರು ಸೇರಿತು. ಕಾರಣಗಳನ್ನು ಈ ಕೆಳಗೆ ನಿವೇದಿಸುತ್ತೇನೆ.

೧. ಆರು ವರ್ಷದ ಹಿಂದೆ ನನ್ನ ಕೆನ್ನೆಗಳ ಮೇಲೆ ಬಂಗು ಎದ್ದಾಗ ಚರ್ಮದ ಡಾಕ್ಟರು "ಬಿಸಿಲಿಗೆ ಮುಖ ಒಡ್ಡಬೇಡಿ" ಎಂದಿದ್ದರು. ಅವರು ಹೇಳಿದ್ದು ಮುಖದ ಮಾತು. ನಾನು ನಿಷ್ಠಾವಂತ ಗುಮಾಸ್ತೆಯಾದ ಕಾರಣ ಆ ಆದೇಶವನ್ನು ಇಡೀ ಮೈಗೆ ಜಾರಿ ಮಾಡಿದೆ. ಛತ್ರಿ, ಕೈಗವಸು, ಉದ್ದ ತೋಳು, ಕತ್ತಿನವರೆಗೆ ಕ್ರೀಮು. ಬಸ್‌ ಸ್ಟಾಪಿನಲ್ಲಿ ಚಿಕ್ಕ ಮಕ್ಕಳು ನನ್ನನ್ನು ಕಂಡು ಅಮ್ಮನ ಹಿಂದೆ ಅಡಗುತ್ತಿದ್ದವು. ಇನ್ನು ಹಗಲೆಲ್ಲ ನೆಲಮಾಳಿಗೆ. ಅಲ್ಲಿಗೆ ಇಪ್ಪತ್ತು ವರ್ಷದಲ್ಲಿ ಸೂರ್ಯ ಒಮ್ಮೆಯೂ ಹಾಜರಿ ಹಾಕಿಲ್ಲ.

೨. ನಾಲ್ಕು ತಿಂಗಳ ಹಿಂದೆ ಮೇಲಿನ ಕಪಾಟಿನಿಂದ ಕಡತದ ಕಟ್ಟೊಂದನ್ನು ಇಳಿಸುವಾಗ ನನ್ನ ಬಲ ಮಣಿಕಟ್ಟು ಮುರಿಯಿತು. ಕಟ್ಟು ದೊಡ್ಡದೇನಲ್ಲ, ನೆಲಮಾಳಿಗೆಗೆ ಏಣಿ ಕೋರಿ ನಾನೇ ಬರೆದ ಅರ್ಜಿಗಳದ್ದು. ಮೂಳೆ ಡಾಕ್ಟರು ರಕ್ತದ ವರದಿ ನೋಡಿ, "ಏನಮ್ಮಾ ಇದು, ವಿಟಮಿನ್‌ ಡಿ ತಳ ಕಂಡಿದೆಯಲ್ಲ! ಬಿಸಿಲು ನೋಡಿ ಎಷ್ಟು ವರ್ಷ ಆಯ್ತು?" ಎಂದು ವಾರಕ್ಕೊಂದು ಮಾತ್ರೆ ಬರೆದು, ಜೊತೆಗೆ ಬಿಸಿಲನ್ನೂ ಬರೆದರು. ಆ ಚೀಟಿ ಹಿಡಿದು ಪಕ್ಕದ ಕೋಣೆಗೆ ಹೋದೆ. ಚರ್ಮದ ಡಾಕ್ಟರು "ಬಿಸಿಲಾ? ಆಗಲ್ಲ" ಎಂದರು. ಈಚೆ ಬಂದರೆ "ಆಗ್ಲೇಬೇಕು." ನಾಲ್ಕು ಸಲ ಓಡಾಡಿ ಸಾಕಾಗಿ, ಇಬ್ಬರನ್ನೂ ಬಾಗಿಲಿಗೆ ಕರೆದೆ. "ನೀವಿಬ್ರೂ ನನ್ನೆದುರಿಗೇ ಮಾತಾಡ್ಕೊಳ್ಳಿ. ಮುಖ ನಿಮ್ಗೆ, ಮೂಳೆ ಅವ್ರಿಗೆ, ಉಳಿದಿದ್ದು ನಂಗೆ" ಎಂದೆ. ಎರಡೇ ನಿಮಿಷದಲ್ಲಿ ರಾಜಿಯಾಯಿತು: ಮುಖಕ್ಕೆ ಕ್ರೀಮು ಮತ್ತು ಟೋಪಿ, ಮೊಣಕೈಯಿಂದ ಕೆಳಗೆ ಬರಿಗೈ, ಮಧ್ಯಾಹ್ನದೊಳಗೆ ಹದಿನೈದು ನಿಮಿಷ, ಚರ್ಮ ಕೆಂಪಾಗುವ ಮುನ್ನವೇ ಒಳಗೆ. ತಾರಸಿಯಲ್ಲಿ ನಡೆದದ್ದು ಇದೇ ಹೊರತು ಬೇರೇನೂ ಅಲ್ಲ.

೩. ಇದನ್ನು ತಮಗೆ ಮೊದಲೇ ಬಾಯಿಮಾತಿನಲ್ಲಿ ತಿಳಿಸಿದ್ದೆ. "ಅದನ್ನೆಲ್ಲ ಭಾನುವಾರ ಇಟ್ಕೊಳ್ಳಿ" ಎಂದು ಅಪ್ಪಣೆಯಾಯಿತು. ಆದ ಕಾರಣ ವಾರದ ಬಾಕಿಯನ್ನೆಲ್ಲ ಒಟ್ಟುಗೂಡಿಸಿ, ಹಿಂದಿನ ವಾರದ್ದನ್ನೂ ಸೇರಿಸಿ, ಭಾನುವಾರ ಒಂದೂವರೆ ಗಂಟೆ ಬಿಸಿಲಿನಲ್ಲಿ ಕೂತು ಒಂದೇ ಸಲಕ್ಕೆ ವಿಲೇವಾರಿ ಮಾಡಿದೆ. ಸೋಮವಾರದ ಹೊತ್ತಿಗೆ ಎರಡೂ ಕೈ ಸುಟ್ಟ ಬದನೆಕಾಯಿಯಂತೆ ಸಿಪ್ಪೆ ಬಿಡುತ್ತಿದ್ದವು. "ಯಾರ್ರೀ ನಿಮ್ಗೆ ಬಾಕಿ ಲೆಕ್ಕದಲ್ಲಿ ಬಿಸಿಲು ಕಾಯೋಕೆ ಹೇಳಿದ್ದು?" ಎಂದು ಚರ್ಮದ ಡಾಕ್ಟರು ರೇಗಿದರು. ನಮ್ಮ ಕಚೇರಿಯಲ್ಲಿ ಎಲ್ಲವೂ ಹಾಗೇ ಎಂದು ನಾನು ಹೇಳಲಿಲ್ಲ.

೪. ಕೈ ವಾಸಿಯಾದ ಮೇಲೆ ತಾವು ದೊಡ್ಡ ಮನಸ್ಸು ಮಾಡಿ, ತಮ್ಮ ಕೋಣೆಯ ಕಿಟಕಿಯ ಪಕ್ಕ ಒಂದು ಸ್ಟೂಲು ಹಾಕಿಸಿದಿರಿ. ಏಸಿ ತಂಪು ಹೋಗಬಾರದೆಂದು ಗಾಜು ಮುಚ್ಚಿಯೇ ಇತ್ತು. ಒಂದು ಕಡೆ ತಮ್ಮ ಪ್ಲಾಸ್ಟಿಕ್‌ ಗಿಡ, ಇನ್ನೊಂದು ಕಡೆ ನಾನು. ಬಂದವರೆಲ್ಲ ಗಿಡವನ್ನು ಮೆಚ್ಚಿಕೊಂಡು ಹೋದರು. ಆರು ವಾರದ ನಂತರ ಮೂಳೆ ಡಾಕ್ಟರು ಇದನ್ನು ಕೇಳಿ ನಕ್ಕೇಬಿಟ್ಟರು: "ಗಾಜಿನೊಳಗಿಂದ ಬರೋ ಬಿಸಿಲಲ್ಲಿ ಮೈ ಬೆಚ್ಚಗಾಗತ್ತೆ ಅಷ್ಟೆ. ವಿಟಮಿನ್‌ ಡಿ ಆಗೋ ಕಿರಣನ ಗಾಜು ಒಳಗೇ ಬಿಡಲ್ಲ." ಹೀಗಾಗಿ ನನ್ನದೂ ಗಿಡದ್ದೂ ಒಂದೇ ಪ್ರಗತಿ.

೫. ಆಮೇಲೆಯೇ ನಾನು ತಾರಸಿ ಹತ್ತಿದ್ದು. ಬೀದಿಗೆ ಹೋಗಬಾರದೇ ಎಂದು ತಾವು ಕೇಳಬಹುದು. ಸುತ್ತಲೂ ಎತ್ತರದ ಕಟ್ಟಡಗಳಿರುವುದರಿಂದ ಬೀದಿಗೆ ಬಿಸಿಲು ಇಳಿಯುವುದೇ ಇಲ್ಲ. ಆ ಹದಿನೈದು ನಿಮಿಷವನ್ನು ನನ್ನ ಊಟದ ವಿರಾಮದಲ್ಲಿ ಧಾರಾಳವಾಗಿ ಕಡಿತ ಮಾಡಿಕೊಳ್ಳಬಹುದು.

೬. ಕಳೆದ ಶನಿವಾರ ಮೂಳೆ ಡಾಕ್ಟರ ಬಾಗಿಲಲ್ಲಿ ನನಗಿಂತ ಒಂದು ಟೋಕನ್‌ ಮುಂದೆ ಒಬ್ಬರು ಪತ್ರಿಕೆ ಅಡ್ಡ ಹಿಡಿದು, ಮೊಣಕಾಲು ನೀವಿಕೊಳ್ಳುತ್ತಾ ಕೂತಿದ್ದರು. ನನ್ನನ್ನು ಕಂಡ ಕೂಡಲೇ ಎದ್ದು ಹೊರಟುಹೋದರು. ಹನ್ನೊಂದು ವರ್ಷದಿಂದ ಮೂರನೇ ಮಹಡಿಯ ಆ ಗಾಜಿನ ಹಿಂದೆಯೇ ಕೂತವರ ಶೂಗಳನ್ನು ನಾನು ಗುರುತಿಸಬಲ್ಲೆ. ಈ ಅಂಶವನ್ನು ತಮ್ಮ ಗಮನಕ್ಕೆ ತರಲಾಗಿದೆ, ಒತ್ತಾಯಿಸಲಾಗಿಲ್ಲ.

೭. ಕೊನೆಯದಾಗಿ, ನನ್ನ ಮಗಳಿಗೆ ಹೆಣ್ಣು ಮಗುವಾಗಿ ಇಂದಿಗೆ ಐವತ್ತೆರಡು ದಿನ. ಈ ಐವತ್ತೆರಡು ದಿನದಲ್ಲಿ ಮಗುವನ್ನು ಒಮ್ಮೆಯೂ ನನ್ನ ಕೈಗೆ ಕೊಟ್ಟಿಲ್ಲ. ಮಗಳ ತಪ್ಪಿಲ್ಲ. ಮೊನ್ನೆ ನನ್ನ ಕೈಯಿಂದ ಹಾಲಿನ ಪಾತ್ರೆ ಜಾರಿದ್ದನ್ನು ಅವಳೇ ಕಣ್ಣಾರೆ ಕಂಡಿದ್ದಾಳೆ. "ಅಮ್ಮಾ, ಬೇಜಾರ್ ಮಾಡ್ಕೋಬೇಡ. ನೀನು ಕೂತ್ಕೋ, ಮಡಿಲಲ್ಲಿ ದಿಂಬಿಟ್ಟು ಅದರ ಮೇಲೆ ಮಲಗಿಸ್ತೀನಿ. ಕೈ ಮಾತ್ರ ಹಾಕ್ಬೇಡ" ಎನ್ನುತ್ತಾಳೆ. ನಾನು "ಆಗ್ಲಿ ಬಿಡೇ" ಎನ್ನುತ್ತೇನೆ. ಮಾನ್ಯರೇ, ಮೊಮ್ಮಗಳು ಮಡಿಲಲ್ಲಿದ್ದಾಳೆ, ನನ್ನ ಕೈಗಳು ಕುರ್ಚಿಯ ಹಿಡಿಯ ಮೇಲಿವೆ. ರಕ್ತದ ವರದಿ ಸರಿಯಾದರೆ ಎತ್ತಿಕೊಳ್ಳಬಹುದೆಂದು ಡಾಕ್ಟರು ಹೇಳಿದ್ದಾರೆ.

ಮಗು ಈಗ ನಾಲ್ಕೂವರೆ ಕಿಲೋ ಇದ್ದು, ದಿನೇ ದಿನೇ ಭಾರವಾಗುತ್ತಿದೆ. ಈ ಅರ್ಜಿ ನಮ್ಮ ಕಚೇರಿಯ ವಾಡಿಕೆಯಂತೆ ಮೇಜಿನಿಂದ ಮೇಜಿಗೆ ಚಲಿಸಿದಲ್ಲಿ, ಮಂಜೂರಾತಿ ಬರುವ ಹೊತ್ತಿಗೆ ಮಗು ತಾನೇ ನಡೆದು ನನ್ನ ಬಳಿ ಬರುತ್ತದೆ. ಆಗ ಎತ್ತಿಕೊಳ್ಳುವ ಪ್ರಮೇಯವೇ ಇರುವುದಿಲ್ಲ.

ಆದ್ದರಿಂದ ಸೋಮವಾರ, ಬುಧವಾರ, ಶುಕ್ರವಾರ ಹನ್ನೊಂದು ಗಂಟೆಗೆ ತಾರಸಿಯ ಬೀಗದಕೈಯನ್ನು ನನಗೆ ಕೊಡಿಸಬೇಕೆಂದು, ಎರಡೂ ಕೈಗಳ ಪರವಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ, ಸದ್ಯಕ್ಕೆ ನೆರಳಿನಲ್ಲಿರುವ,
ದಾಖಲೆ ಕೊಠಡಿಯ ಗುಮಾಸ್ತೆ
(ಎಡಗೈ ಸಹಿ)

ಲಗತ್ತುಗಳು:
೧. ಇಬ್ಬರು ಡಾಕ್ಟರೂ ಸಹಿ ಹಾಕಿರುವ ರಾಜಿ ಚೀಟಿ.
೨. ರಕ್ತದ ವರದಿ, ಗಾಜಿನ ಮುಂಚಿನದು ಮತ್ತು ನಂತರದ್ದು.
೩. ಮಗುವಿನ ತೂಕದ ಪಟ್ಟಿ, ಇಂದಿನವರೆಗೆ.
೪. ಮೂಳೆ ಡಾಕ್ಟರ ಬೆಂಚಿನ ಮೇಲೆ ಬಿಟ್ಟುಹೋಗಿದ್ದ ಟೋಕನ್‌ ಸಂಖ್ಯೆ ೧೭, ಮೂಲ ಪ್ರತಿ.

ವಿ.ಸೂ.: ತಾರಸಿಯಲ್ಲಿ ಎರಡು ಕುರ್ಚಿ ಹಾಕಿಸಬೇಕಾಗಿ ವಿನಂತಿ. ನನಗೆ ಒಂದು ಸಾಕು.