ಷಡ್ಡಕನಿಗಿಂತ ಕಮ್ಮಿ ರೇಟಿನ ಕಾರ್ಪೆಟ್

ಬೇರೆಯವರ ಮನೆಗೆ ಸಾಮಾನು ಮಾತ್ರ ಬರುತ್ತೆ. ನಮ್ಮ ಮನೆಗೆ ಪ್ರತಿ ಸಾಮಾನಿನ ಜೊತೆ ಒಂದು ಪ್ರಸಂಗವೂ ಬರುತ್ತೆ, ಡೆಲಿವರಿ ಚಾರ್ಜ್ ಇಲ್ಲದೆ.

ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರು ಜಯನಗರದಿಂದ ತಲಘಟ್ಟಪುರದವರೆಗೆ ಹುಟ್ಟಿಲ್ಲ. ನಾನು ದೂರದಲ್ಲಿ ಕಂಡರೆ ಸಾಕು, ಸೊಪ್ಪಿನವರು ಕೊತ್ತಂಬರಿಯನ್ನು ಗೋಣಿಚೀಲದ ಕೆಳಗೆ ಬಚ್ಚಿಡುತ್ತಾರೆ. ಹೀಗಿರುವಾಗ ಹನುಮಂತನಗರದ ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಹೊಸ ಕಾರ್ಪೆಟ್ ಹಾಸಿ ಅದರ ಮೇಲೆ ನಮ್ಮನ್ನು ಕೂರಿಸಿ, "ಎಂಟು ಸಾವಿರಕ್ಕೆ ಹೊಡೆದೆ" ಅಂದುಬಿಟ್ಟರು. ನನ್ನವಳು ಕಾರ್ಪೆಟ್ ಸವರುತ್ತಾ ನನ್ನ ಮುಖ ನೋಡಿದಳು. ಅಷ್ಟೇ.

"ಇದೇ ಅಳತೆ, ಇದೇ ಡಿಸೈನು, ಇದಕ್ಕಿಂತ ಕಮ್ಮಿಗೆ ತರ್ತೀನಿ. ಮುಂದಿನ ಭಾನುವಾರ ಮನೆಗೆ ಬಂದು ನೋಡಿ" ಅಂತ ನನ್ನ ಬಾಯಿ ಹೇಳಿ ಮುಗಿಸಿತ್ತು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮರ್ಯಾದೆ ಈಗ ಒಂದು ಕಾರ್ಪೆಟ್ಟಿನ ಮೇಲೆ ನಿಂತಿತ್ತು.

ಎಸ್ಕಲೇಟರ್

ಮೊದಲು ಜೆ.ಪಿ. ನಗರದ ಕಡೆಯ ಮಾಲ್‌ಗೆ ಹೋದೆ. ದೇಶದ ತುಂಬಾ ಶಾಖೆಗಳಿರುವ ದೊಡ್ಡ ಅಂಗಡಿ. ನಮಗೆ ಬೇಕಾದ ಕಾರ್ಪೆಟ್ ಮೇಲೆ ₹9,999 ಅಂತ ಸ್ಟಿಕ್ಕರ್ ಇತ್ತು.

"ಕೊನೆಗೆ ಎಷ್ಟಮ್ಮಾ?" ಅಂತ ಸೇಲ್ಸ್ ಹುಡುಗಿಯನ್ನು ಕೇಳಿದೆ.

"ಅದೇ ಸಾರ್, ಸ್ಟಿಕ್ಕರ್ ಮೇಲಿದೆಯಲ್ಲ."

"ಅದು ಬೇರೆಯವರಿಗೆ. ನನಗೆ?"

"ನಿಮಗೂ ಅದೇ ಬಾರ್‌ಕೋಡ್ ಸಾರ್."

ಸರಿ, ನನ್ನ ಬ್ರಹ್ಮಾಸ್ತ್ರ ತೆಗೆದೆ. "ಹಾಗಾದ್ರೆ ಬೇಡ ಬಿಡಿ" ಅಂದು ಬೆನ್ನು ತಿರುಗಿಸಿ ನಿಧಾನವಾಗಿ ಹೊರಟೆ. ಗಾಂಧಿ ಬಜಾರಿನಲ್ಲಿ ಈ ನಡಿಗೆಗೆ ಅಂಗಡಿಯವರು ರಸ್ತೆಯ ತುದಿಯವರೆಗೆ ಓಡಿಬಂದಿದ್ದಾರೆ. ಇಲ್ಲಿ ಯಾರೂ ಕರೆಯಲಿಲ್ಲ. ಇನ್ನೂ ನಿಧಾನ ಮಾಡಿದೆ. ಪರದೆ ನೋಡಿದೆ, ದಿಂಬು ಒತ್ತಿದೆ. ಕೊನೆಗೆ ಎಸ್ಕಲೇಟರ್ ಬಂತು. ಅದಕ್ಕೆಲ್ಲಿ ಗೊತ್ತು ನಿಧಾನವಾಗಿ ಹೋಗಬೇಕು ಅಂತ? ನನ್ನನ್ನು ಎತ್ತಿಕೊಂಡು ಕೆಳಗಿಳಿದೇಬಿಟ್ಟಿತು.

ಅಷ್ಟರಲ್ಲಿ ಮೇಲಿಂದ ಕೂಗು: "ಸಾರ್! ಸಾರ್!"

ಗೆದ್ದೆ! ಇಳಿಯುವ ಎಸ್ಕಲೇಟರಿನಲ್ಲೇ ಏದುಸಿರು ಬಿಡುತ್ತಾ ಹತ್ತಿದೆ. ಹುಡುಗಿ ಕೈ ಚಾಚಿದಳು. "ನಿಮ್ಮ ಕನ್ನಡಕ ಸಾರ್. ಕಾರ್ಪೆಟ್ ಮೇಲೇ ಬಿಟ್ಟುಬಿಟ್ಟಿದ್ರಿ."

ಬೋಣಿ

ಯಂತ್ರಗಳ ಸಹವಾಸ ಬೇಡ ಅಂತ ಮಾರನೇ ದಿನ ಜಯನಗರದ ಒಂದು ಹಳೇ ಅಂಗಡಿ ಹಿಡಿದೆ. ನನ್ನ ಪ್ಲಾನು ಸರಳ. ದಿನದ ಮೊದಲ ಗಿರಾಕಿಯನ್ನು ಯಾವ ಅಂಗಡಿಯವರೂ ಬರಿಗೈಲಿ ಕಳಿಸಲ್ಲ, ಬೋಣಿ ಕೆಡುತ್ತೆ. ಹಾಗಾಗಿ ಬಾಗಿಲು ತೆಗೆಯುವ ಮೊದಲೇ ಹೋಗಿ ಶಟರ್ ಮುಂದೆ ಕಾವಲು ನಿಂತೆ.

ಒಬ್ಬರು ಆಂಟಿ ಬಂದರು. ಹೊರಗೆ ಕಟ್ಟಿಟ್ಟಿದ್ದ ಕಾಲೊರೆಸುವ ಮ್ಯಾಟ್ ತೋರಿಸಿ, "ಎಷ್ಟ್ರೀ ಇದು?" ಅಂದರು.

ನಾನು ಅಂಗಡಿಯವನಲ್ಲ ಅನ್ನಬಹುದಿತ್ತು. ಆದರೆ ಚೌಕಾಸಿ ಕಣ್ಣೆದುರು ಬಂದು ನಿಂತಾಗ ಬಿಡೋಕಾಗುತ್ತಾ? "ಮುನ್ನೂರು" ಅಂದೆ.

"ನೂರೈವತ್ತು ಮಾಡ್ಕೊಳ್ಳಿ."

"ಮೇಡಂ, ದಪ್ಪ ನೋಡಿ! ತೊಳೆದಷ್ಟೂ ಹೊಳೆಯುತ್ತೆ. ಇನ್ನೂರೈವತ್ತಕ್ಕೆ ಒಂದು ರೂಪಾಯಿ ಕಮ್ಮಿ ಇಲ್ಲ."

ಆಂಟಿ ಸೋತರು. ಅಷ್ಟರಲ್ಲಿ ಮಾಲೀಕರು ಸ್ಕೂಟರ್ ನಿಲ್ಲಿಸಿ ಬಂದರು. ಆಂಟಿ ಕೊಟ್ಟ ಇನ್ನೂರೈವತ್ತನ್ನು ಕಣ್ಣಿಗೊತ್ತಿಕೊಂಡು ಹೇಳಿದರು: "ನೂರಿಪ್ಪತ್ತರ ಮ್ಯಾಟು ಸಾರ್ ಅದು! ಬೋಣಿ ಸಖತ್ತಾಯ್ತು. ಕೆಲಸಕ್ಕೆ ಸೇರ್ತೀರಾ?"

ಆಟೋ

ಬೋಣಿ ಕೈ ತಪ್ಪಿದ ಮೇಲೆ ಬಲ ಉಡುಗಿತು. ಕಾರ್ಪೆಟ್ಟಿಗೆ ಮಾಲೀಕರು ಹನ್ನೆರಡು ಸಾವಿರ ಅಂದರು, ಮಾಲ್‌ನ ರೇಟು ಹೇಳಿದೆ. ಕಾಫಿ ತರಿಸಿದರು. ಒಂದೊಂದೇ ಬಿಚ್ಚಿ ಹಾಸಿದರು. ಕಾಫಿ ಕುಡಿದು, ಅಷ್ಟು ಸುರುಳಿ ಬಿಚ್ಚಿಸಿ, ಬರಿಗೈಲಿ ಏಳೋಕೆ ನನ್ನಂಥ ಕಟುಕನಿಗೂ ಮನಸ್ಸು ಬರಲಿಲ್ಲ. ಒಂಬತ್ತೂವರೆ ಸಾವಿರಕ್ಕೆ ಮುಗಿಸಿದೆ.

ಮಾಲ್‌ಗಿಂತ ಐನೂರು ಉಳಿಯಿತು. ಬನಶಂಕರಿಯ ನಮ್ಮ ಮನೆಗೆ ಆಟೋದವರು ಕೇಳಿದ್ದೂ ಐನೂರೇ. ಅದರಲ್ಲೂ ಸೀಟಿನ ಮೇಲೆ ಕಾರ್ಪೆಟ್ ಆರಾಮಾಗಿ ಮಲಗಿತು. ನಾನು ಹಿಂದಿನ ಬಸ್ಸಿನಲ್ಲಿ ನಿಂತುಕೊಂಡು ಬಂದೆ.

ಭಾನುವಾರ

"ಎಷ್ಟಾಯ್ತ್ರೀ?" ಅಂದಳು ಹೆಂಡತಿ.

"ಆರು ಸಾವಿರ" ಅಂದೆ. ಮನೆಯಲ್ಲೇ ನಿಜ ಹೇಳಿದರೆ ಅದು ಹನುಮಂತನಗರ ತಲುಪೋಕೆ ಒಂದು ಫೋನ್ ಕಾಲ್ ಸಾಕು.

ಭಾನುವಾರ ಷಡ್ಡಕ ಜೋಡಿಯಾಗಿ ಬಂದರು. ಹೆಬ್ಬೆರಳಲ್ಲಿ ಕಾರ್ಪೆಟ್ ಒತ್ತಿದರು, ಮೂಲೆ ಮಗುಚಿ ನೋಡಿದರು. "ಎಷ್ಟು?"

"ಆರು."

ಅವರ ಮುಖ ಆರಿದ ಕಾಫಿಯಂತಾಯಿತು. ಅವರ ಹೆಂಡತಿ ಅವರನ್ನೇ ದುರುಗುಟ್ಟಿಕೊಂಡು ನೋಡಿದರು. ಆಹಾ! ಆ ಒಂದು ನಿಮಿಷ ನಾನು ಬನಶಂಕರಿಯ ಚಕ್ರವರ್ತಿ.

ಷಡ್ಡಕ ಗಂಟಲು ಸರಿಮಾಡಿಕೊಂಡರು. "ನಮ್ಮ ರೂಮಿಗೂ ಒಂದು ಬೇಕಿತ್ತು. ಆರಕ್ಕೇ ಕೊಡಿಸ್ತೀರಾ?"

"ಸ್ಟಾಕ್ ಮುಗೀತಂತೆ" ಅಂದೆ ಥಟ್ಟನೆ.

"ಅಯ್ಯೋ, ಅದಕ್ಕೇನು ಭಾವ!" ಅಂದಳು ನನ್ನವಳು. "ಇದನ್ನೇ ತೊಗೊಂಡು ಹೋಗಿ. ಇವರು ಇನ್ನೆಲ್ಲಿಂದಾದರೂ ಆರಕ್ಕೇ ತರ್ತಾರೆ. ಅಲ್ವೇನ್ರೀ?"

ನಿಜ ನಾಲಿಗೆಯ ತುದಿಗೆ ಬಂತು. ನುಂಗಿದೆ. "ಹೂಂ" ಅಂದೆ.

ಷಡ್ಡಕ ಜೇಬಿಗೆ ಕೈ ಹಾಕಿದವರು ಅರ್ಧಕ್ಕೇ ನಿಲ್ಲಿಸಿದರು. "ಆದರೂ ನೀವು ಇಷ್ಟು ದಿನ ತುಳಿದಿದ್ದೀರಲ್ಲ. ಸೆಕೆಂಡ್ ಹ್ಯಾಂಡ್ ಲೆಕ್ಕ. ಐದೂವರೆ ಮಾಡ್ಕೊಳ್ಳಿ."

ಜೀವಮಾನದ ಚೌಕಾಸಿಗೆ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ ಕಾರ್ಪೆಟ್ ಸುತ್ತತೊಡಗಿದ್ದಳು.

"ಐದೇ ಕೊಡಿ ಭಾವ. ಮನೆಯವರ ಹತ್ರ ಎಂಥಾ ಚೌಕಾಸಿ!"