ಸತ್ತವನು ಸತ್ತ ಹಾಗೇ ಇರಬೇಕು

ನಮ್ಮ ಮನೆ ಒಡೆಯುವ ಮಟ್ಟಕ್ಕೆ ಬಂದದ್ದು ಆಸ್ತಿಯಿಂದಲ್ಲ, ಅತ್ತೆ-ಸೊಸೆ ಜಗಳದಿಂದಲೂ ಅಲ್ಲ. ಒಂದು ಸೇತುವೆ ಬಿದ್ದಿದ್ದರಿಂದ. ಆ ಸೇತುವೆಯೋ, ಕಾಗದದ್ದು.

ನನ್ನ ಮಗ ಚಿತ್ರಕಥೆ ಪುಸ್ತಕ ಬರೆಯುತ್ತಾನೆ. ಸೊಸೆ ಅದಕ್ಕೆ ಚಿತ್ರ ಹಾಕುತ್ತಾಳೆ. ತಿಂಗಳಿಗೊಂದು ಪುಸ್ತಕ. ಅದರಲ್ಲಿ ಹಾರುವವರು, ಗೋಡೆ ಗುದ್ದಿ ಒಡೆಯುವವರು, ಚಡ್ಡಿಯನ್ನು ಪ್ಯಾಂಟಿನ ಮೇಲೆ ಹಾಕಿಕೊಳ್ಳುವವರು (ಯಾಕೆಂದು ಕೇಳಿದರೆ ಇಬ್ಬರೂ ಉತ್ತರ ಕೊಡುವುದಿಲ್ಲ), ಎಲ್ಲರೂ ಸೇರಿ ಊರು ಕಾಯುತ್ತಾರೆ. ಅಚ್ಚಿಗೆ ಹೋಗುವ ಮೊದಲು ಹಾಳೆಗಳು ನನ್ನ ಕೈಗೆ ಬರುತ್ತವೆ. ನಾನು ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವಳು. ‘ಹೋದ ತಿಂಗಳು ಇವನ ಎಡಗೈಗೆ ಪಟ್ಟಿ ಕಟ್ಟಿತ್ತು, ಈ ತಿಂಗಳು ಬಲಗೈಗೆ ಬಂದಿದೆ’ ಎಂದು ನಾನು ಹೇಳಬೇಕು, ಅವರು ತಿದ್ದಬೇಕು. ಮನೆಯಲ್ಲಿ ನನ್ನ ಹುದ್ದೆ ಅದು. ಸಂಬಳವಿಲ್ಲ, ದರ್ಪವಿದೆ.

ಹೀಗಿರಲಾಗಿ ಊರು ಕಾಯುವವರು ಎರಡು ಪಕ್ಷವಾದರು. ಬಂಡೆರಾಯನ ಪಕ್ಷದವರು ಊರಸಭೆಯ ಅಪ್ಪಣೆಯಿಲ್ಲದೆ ಬೆರಳೂ ಎತ್ತುವುದಿಲ್ಲ. ಮಿಂಚುಳ್ಳಿಯ ಪಕ್ಷದವರು ಯಾರಪ್ಪನ ಅಪ್ಪಣೆಗೂ ಕಾಯುವುದಿಲ್ಲ. ಸೇತುವೆಯ ಮೇಲೆ ಒಂದು ರಾಕ್ಷಸಯಂತ್ರ ಬಂತು. ಬಂಡೆರಾಯ ಅಪ್ಪಣೆ ಬರಲೆಂದು ನಿಂತ. ಮಿಂಚುಳ್ಳಿ ನುಗ್ಗಿ ಗುದ್ದಿದಳು. ಯಂತ್ರದ ಜೊತೆಗೆ ಸೇತುವೆಯೂ ಕುಸಿಯಿತು. ತಪ್ಪು ಯಾರದು?

ಮಗ ಬಂಡೆರಾಯನ ಕಡೆ, ಸೊಸೆ ಮಿಂಚುಳ್ಳಿಯ ಕಡೆ. ವಾದ ಬರೆಯುವ ಮೇಜಿನಿಂದ ಊಟದ ಮೇಜಿಗೆ ಬಂತು, ಅಲ್ಲಿಂದ ಮಲಗುವ ಕೋಣೆಗೆ ಹೋಯಿತು. ಕಡೆಗೆ ಇಬ್ಬರ ನಡುವೆ ಮಾತೇ ನಿಂತಿತು. ನಿಂತ ಮಾತೆಲ್ಲ ನನ್ನ ಮೂಲಕ ಹಾಯತೊಡಗಿತು.

“ಅಮ್ಮ, ಹೇಳದೆ ಕೇಳದೆ ನುಗ್ಗೋದು ಕೆಲವರ ಹುಟ್ಟುಗುಣ ಅಂತ ಅವಳಿಗೆ ಹೇಳು.”

“ಅತ್ತೆ, ಮನೆಗೆ ಬೆಂಕಿ ಬಿದ್ರೂ ಅರ್ಜಿ ಬರೀತಾ ಕೂರೋರು ಇರ್ತಾರೆ ಅಂತ ಅವರಿಗೆ ಹೇಳಿ.”

“ಅಕ್ಕಪಕ್ಕದಲ್ಲೇ ಕೂತಿದ್ದೀರಲ್ರೋ! ನಾನೇನು ತಂತಿ ಕಂಬವಾ?”

ಅದೇ ಹೊತ್ತಿಗೆ ಒಲೆಯ ಮೇಲೆ ಹಾಲು ಉಕ್ಕಿತು. ಮಗ ಪಕ್ಕದಲ್ಲೇ ಇದ್ದ. ಆರಿಸು ಎಂದು ಯಾರೂ ಹೇಳಿರಲಿಲ್ಲವಂತೆ, ಆರಿಸಲಿಲ್ಲ. ಸೊಸೆ ಹಾರಿ ಬಂದು ಪಾತ್ರೆ ಎಳೆದಳು, ಉಳಿದ ಹಾಲೂ ನೆಲದ ಪಾಲಾಯಿತು. ಇಬ್ಬರೂ ಧರ್ಮಾಧರ್ಮದ ಚರ್ಚೆಗೆ ನಿಂತರು. ನೆಲ ಒರೆಸಿದವಳು ನಾನು. (ಪುಸ್ತಕದಲ್ಲಿ ನೆಲ ಒರೆಸುವವರ ಚಿತ್ರವನ್ನು ನಾನು ಈವರೆಗೆ ಕಂಡಿಲ್ಲ.)

ಇದನ್ನೆಲ್ಲ ಸಹಿಸಿದೆ. ಆದರೆ ಮಾರನೆಯ ದಿನ ಸೊಸೆ ಕುಂಚಗಳನ್ನು, ಬಣ್ಣದ ಡಬ್ಬಿಗಳನ್ನು ಬಟ್ಟೆಯ ಜೊತೆ ಚೀಲಕ್ಕೆ ತುಂಬತೊಡಗಿದಳು. ಅಕ್ಕನ ಮನೆಗೆ ಹೊರಟಳಂತೆ. ಯಾವಾಗ ಬರುತ್ತೀಯೆಂದರೆ ಇನ್ನೊಂದು ಡಬ್ಬಿ ತುಂಬಿದಳು. ಮಗ ಕಿಟಕಿಯಾಚೆ ನೋಡುತ್ತಾ ಕೂತ. ನಾನು ಬಾಗಿಲಿಗೆ ಅಡ್ಡ ನಿಂತೆ.

“ನಿಲ್ಲಮ್ಮ. ಆ ಸೇತುವೆ ಬಿದ್ದಾಗ ಸತ್ತವರು ಯಾರು?”

“ಯಾರೂ ಇಲ್ಲ ಅತ್ತೆ.”

“ಮುಂದಿನ ಪುಸ್ತಕದಲ್ಲಿ ಸೇತುವೆ?”

“ಎಂದಿನ ಹಾಗೆ ಇರುತ್ತೆ,” ಎಂದ ಮಗ.

“ಕಟ್ಟಿದ್ದು ಯಾರು?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಎಷ್ಟೋ ದಿನದ ಮೇಲೆ.

“ಬಿದ್ದದ್ದು ತಾನಾಗೇ ಎದ್ದು ನಿಲ್ಲುತ್ತೆ, ಸತ್ತವನು ನಾಲ್ಕು ಪುಸ್ತಕ ಕಳೆದು ಎದ್ದು ಬರ್ತಾನೆ. ಅಂಥಾ ಊರಲ್ಲಿ ತಪ್ಪು ಯಾರದಾದ್ರೇನು? ಚೆಲ್ಲಿದ ಹಾಲು ತಾನೇ ಪಾತ್ರೆಗೆ ಹತ್ತೋದಾದ್ರೆ ನಾನ್ಯಾಕೆ ನಿಮ್ಮನ್ನ ಬೈತಿದ್ದೆ? ಆ ಸೇತುವೆ ಮೇಲೆ ಒಬ್ಬ ಇರಬೇಕು. ಅವನು ಸಾಯಬೇಕು. ಸತ್ತವನು ಸತ್ತ ಹಾಗೇ ಇರಬೇಕು. ಆಗ ಕೇಳಿ, ತಪ್ಪು ಯಾರದು ಅಂತ.”

(ನಮ್ಮ ಯಜಮಾನರು ಹೋದವರು ತಿರುಗಿ ಬಂದಿಲ್ಲ. ಎಷ್ಟು ಪುಸ್ತಕ ಕಳೆದರೂ.)

ಸೊಸೆ ಚೀಲವನ್ನು ಕೆಳಗಿಟ್ಟಳು. “ಗುರುತಿಲ್ಲದವನು ಸತ್ರೆ ಯಾರಿಗೂ ಅಳು ಬರಲ್ಲ. ಹಾಳೆ ಇನ್ನೂ ಅಚ್ಚಿಗೆ ಹೋಗಿಲ್ಲ, ಸೇತುವೆ ಬೀಳೋದನ್ನ ಮುಂದಕ್ಕೆ ಹಾಕೋಣ. ಅಲ್ಲೀತನಕ ಪ್ರತಿ ಪುಸ್ತಕದಲ್ಲೂ ಅವನು ಬರಲಿ.”

“ಸೇತುವೆ ಕಾವಲುಗಾರ,” ಎಂದ ಮಗ, ನೇರವಾಗಿ ಅವಳಿಗೇ.

ಅಂದಿನಿಂದ ಸೊಸೆ ಕಾವಲುಗಾರನನ್ನು ಬರೆದು ತಂದು ನನಗೆ ತೋರಿಸುವಳು. ನಾನು ತಿದ್ದುವೆ. ಛತ್ರಿ ಕೈಯಲ್ಲಲ್ಲ, ಎಡ ಕಂಕುಳಲ್ಲಿರಬೇಕು, ಕೈಗಳು ಕೆಲಸಕ್ಕೆ ಬೇಕಲ್ಲ. ಚಪ್ಪಲಿಯ ಹಿಮ್ಮಡಿ ಒಂದು ಕಡೆಗೆ ಸವೆದಿರಬೇಕು. ಅಂಗಿಯ ಕಾಲರಿನೊಳಗೆ ಕರವಸ್ತ್ರ. ಯಾರು ಏನು ಹೇಳಿದರೂ “ನೋಡೋಣ, ಹೊತ್ತು ಬರಲಿ” ಎನ್ನಬೇಕು. ಕಾವಲುಗಾರನೆಂದರೆ ಹೀಗೆಯೇ ಅಲ್ಲವೇ ಇರುವುದು? ಒಂದು ದಿನ ಮಗ ಆ ಚಿತ್ರ ನೋಡುತ್ತಾ ಕಣ್ಣು ಒರೆಸಿಕೊಂಡ. ಧೂಳಿರಬೇಕೆಂದು ನಾನು ಕಿಟಕಿ ಹಾಕಿದೆ.

ಕಡೆಗೆ ಸೇತುವೆ ಬೀಳುವ ಹಾಳೆಗಳು ಬಂದವು. ಬೆರಳಿಟ್ಟು ಓದಿದೆ. ಬಂಡೆರಾಯ ಕಾಯುತ್ತಾ ನಿಂತ. ಮಿಂಚುಳ್ಳಿ ನುಗ್ಗಿದಳು. ಕಾವಲುಗಾರ ಜನರನ್ನೆಲ್ಲ ಆಚೆ ದಾಟಿಸಿ, ಬಿರುಕು ಬಿಟ್ಟ ಕಂಬದ ಕಡೆ ತಿರುಗಿ “ನೋಡೋಣ” ಎಂದ. ಮುಂದಿನ ಚೌಕದಲ್ಲಿ ನೀರಿನ ಮೇಲೆ ಒಂದು ಛತ್ರಿ ಮಾತ್ರ.

ಬೆರಳು ಅಲ್ಲೇ ನಿಂತಿತು. ಅವನು ಯಾರೆಂದು ಆಗ ನನಗೆ ತಿಳಿಯಿತು. ಮನೆಗೆಲ್ಲ ತಿಳಿದಿತ್ತು, ತಿದ್ದಿ ತಿದ್ದಿ ಮಾಡಿದವಳಿಗೇ ಕಡೆಗೆ ತಿಳಿದದ್ದು.

ಹಾಳೆ ಹಿಡಿದು ಇಬ್ಬರ ಮುಂದೆ ನಿಂತೆ. “ಇವನನ್ನ ಉಳಿಸಿ.”

“ಅಮ್ಮ!”

“ಈಜು ಬರ್ತಿತ್ತು ಅಂತ ಬರಿ. ಇಲ್ಲಾ, ಬಿದ್ದದ್ದು ಅವನ ಅವಳಿ ತಮ್ಮ. ಹೋಗಲಿ, ಎಲ್ಲಾ ಕನಸು ಅನ್ನು.”

“ಇವನ್ನೆಲ್ಲ ನಾನು ಬರೆದಾಗ ನಾಚಿಕೆ ಆಗಲ್ವೇನೋ ಅಂತ ಹಾಳೆ ಎಸೆದದ್ದು ಯಾರು?”

ಸೊಸೆ ನನ್ನ ಕೈ ಹಿಡಿದುಕೊಂಡಳು. “ಅತ್ತೆ, ಇವರು ಬದುಕಿದ್ರೆ ಬಂಡೆರಾಯನೂ ಪಾರು, ಮಿಂಚುಳ್ಳಿನೂ ಪಾರು. ನೀವೇ ಹೇಳಿದ್ದು.”

ನೋಡಿ, ಎರಡು ಪಕ್ಷವೂ ಒಂದಾಗಿ ನನ್ನ ಮೇಲೆ ಬಿದ್ದವು. ಚೀಲ ಎಂದೋ ಅಟ್ಟ ಸೇರಿತ್ತು. ನನಗೆ ಬೇಕಾಗಿದ್ದೂ ಅದೇ ತಾನೆ? ಬಾಯಿ ಮುಚ್ಚಿಕೊಂಡೆ.

ಕೊನೆಯ ಪುಟದಲ್ಲಿ ಬಂಡೆರಾಯನೂ ಮಿಂಚುಳ್ಳಿಯೂ ಕಾವಲುಗಾರನ ಮನೆಗೆ ಹೋಗಿ ಬಾಗಿಲು ತಟ್ಟುತ್ತಾರೆ. ಅವನ ಹೆಂಡತಿ ತೆರೆಯುತ್ತಾಳೆ. ಅವಳ ಮಾತಿನ ಜಾಗ ಖಾಲಿಯಿತ್ತು.

“ಏನಂತಾಳೆ ಅತ್ತೆ?”

ಆ ಹೆಂಡತಿಯ ಮೇಲೆ ಬೆರಳಿಟ್ಟೆ. “‘ಕಾಲು ಒರೆಸಿಕೊಂಡು ಒಳಗೆ ಬನ್ನಿ’ ಅಂತಾಳೆ.”

“ಬೈಯಲ್ವಾ?” ಎಂದ ಮಗ.

“ಬೈಯೋಕೆ ಇಡೀ ಜೀವಮಾನ ಇದೆಯಲ್ಲಪ್ಪ.”

ಹಾಗೆಯೇ ಅಚ್ಚಾಯಿತು.

ಮುಂದಿನ ಪುಸ್ತಕದ ಹಾಳೆಗಳು ಬಂದವು. ಸೇತುವೆ ಬಿದ್ದೇ ಇತ್ತು. ಜನ ದೋಣಿಗೆ ಸಾಲು ನಿಂತಿದ್ದರು. ಸಾಲಿನ ಕೊನೆಯಲ್ಲಿ, ಬೆನ್ನು ಮಾಡಿ, ಒಬ್ಬ. ಕಾಲರಿನೊಳಗೆ ಕರವಸ್ತ್ರ. ಎಡ ಕಂಕುಳಲ್ಲಿ ಛತ್ರಿ.

“ಎಲ್ಲಾ ತಾಳೆ ಆಯ್ತಾ ಅತ್ತೆ?” ಸೊಸೆ ಕುಂಚ ತೊಳೆಯುತ್ತಿದ್ದಳು, ತಿರುಗಲಿಲ್ಲ.

“ಆಯ್ತಮ್ಮ,” ಎಂದೆ.

ಅಚ್ಚಾಗಿ ಬಂದ ಪುಸ್ತಕ ನೋಡಿ ಮಗ ಕೂಗಿಕೊಂಡ. “ಅಮ್ಮ! ಸತ್ತವನು ಇಲ್ಲಿ ನಿಂತಿದ್ದಾನೆ! ನಿನ್ನ ಕಣ್ಣಿಗೆ ಬೀಳಲಿಲ್ವಾ?”

ಏನು ಹೇಳಲಿ? “ಈಚೆಗೆ ಕಣ್ಣು ಮಂಜಪ್ಪ,” ಎಂದುಬಿಟ್ಟೆ. ಅಡುಗೆಮನೆಯಲ್ಲಿ ಸೊಸೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಹುಟ್ಟಿದಾಗಿನಿಂದ ಅಪ್ಪಣೆಗೆ ಕಾಯುವ ನನ್ನ ಮಗ ಅಂದು ಮಾತ್ರ ಮಿಂಚುಳ್ಳಿಯಾದ. ನಿಂತ ಕಾಲಲ್ಲಿ ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದ. ಗೋಡೆಯಲ್ಲಿ ಅಕ್ಷರದ ಹಲಗೆ, ಪಕ್ಕದಲ್ಲಿ ಮಗ. ಸರಿಯಾಗಿ ಓದಿದರೆ ಸಿಕ್ಕಿಬೀಳುತ್ತೇನೆ. ಕಷ್ಟಪಟ್ಟು ಕಲಿತ ಒಂದೊಂದು ಅಕ್ಷರವನ್ನೂ ಮನಸ್ಸು ಕಲ್ಲು ಮಾಡಿಕೊಂಡು ತಪ್ಪು ಓದಿದೆ. ಡಾಕ್ಟರು ತಲೆ ಅಲ್ಲಾಡಿಸಿ, ಸೀಸೆಯ ತಳದಂಥ ಕನ್ನಡಕ ಬರೆದುಕೊಟ್ಟರು.

ಈಗ ಹಾಳೆ ಬಂದಾಗ ಅದನ್ನೇ ಹಾಕಿಕೊಂಡು ಕೂರಬೇಕು. ಹಾಕಿಕೊಂಡರೆ ನಿಜಕ್ಕೂ ಏನೂ ಕಾಣುವುದಿಲ್ಲ. ನಿನ್ನೆ ಬಾಗಿಲೆಂದು ಬೀರುವಿನೊಳಗೆ ಹೊರಟಿದ್ದೆ. “ಪರವಾಗಿಲ್ವಾ ಅಮ್ಮ, ಈಗ ಚೆನ್ನಾಗಿ ಕಾಣುತ್ತಾ?” ಎಂದು ಮಗ ದಿನವೂ ಕೇಳುತ್ತಾನೆ. “ಬಹಳ ಚೆನ್ನಾಗಿ,” ಎಂದು ಗೋಡೆಗೆ ಹೇಳುತ್ತೇನೆ.

ಅವರು ಆಚೆ ಹೋದ ಮೇಲೆ ಕನ್ನಡಕ ತೆಗೆದಿಟ್ಟು ಆ ಒಂದು ಪುಟ ಬಿಡಿಸುತ್ತೇನೆ. ಬೆರಳಿಟ್ಟು ನೋಡುತ್ತೇನೆ. ಎಡ ಕಂಕುಳೇ. ದೋಣಿ ಇನ್ನೂ ಬಂದಿಲ್ಲ.